ಪ್ರತಿಕ್ರಿಯೆ: ಟಿವಿ ಜೋಡಿಸಿದ ಮೇಲೆ ಆಂಪ್‌ನಲ್ಲಿ (ಆಂಪ್ಲಿಫೈಯರ್) ಗುಂಯ್ ಸದ್ದು, ಪವರ್ ಕಂಡೀಷನರ್ ಕೊಳ್ಳಬೇಕಾ?

ಇದು ಬಹುಪಾಲು ಗ್ರೌಂಡ್ ಲೂಪ್, ಅಂದರೆ ಒಂದಕ್ಕೊಂದು ಜೋಡಿಸಿದ ಸಾಧನಗಳಿಗೆ ಎರಡು ಕಡೆ ಅರ್ತ್ ಸಿಕ್ಕಿ ಆಗುವ ಸುತ್ತು. ಕೇಬಲ್ ಟಿವಿ ವೈರಿನ ಅರ್ತ್ ಒಂದು ಕಡೆ, ಆಂಪ್‌ನ ಅರ್ತ್ ಇನ್ನೊಂದು ಕಡೆ. ನಡುವಿನ ಸಣ್ಣ ವೋಲ್ಟೇಜ್ 50 ಹರ್ಟ್ಜ್ ಗುಂಯ್ ಆಗಿ ಕೇಳಿಸುತ್ತದೆ. ಅದು ಸಿಗ್ನಲ್ ವೈರಿನಲ್ಲಿ ಬರುತ್ತದೆ, ಹಾಗಾಗಿ ಗೋಡೆಯಿಂದ ಬರುವ ಕರೆಂಟನ್ನು ಶೋಧಿಸುವ ಪವರ್ ಕಂಡೀಷನರ್ ಹಾಕಿದರೂ ಹೋಗುವುದು ಕಷ್ಟ. ಸುಮ್ನೆ ದುಡ್ಡು ಹಾಕಬೇಡಿ.

ಮೊದಲು ಸೆಟ್ ಟಾಪ್ ಬಾಕ್ಸಿಗೆ ಗೋಡೆಯಿಂದ ಬರುವ ಕೇಬಲ್ ಕಳಚಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಕೇಬಲ್ ಮತ್ತೆ ಹಾಕಿ, ಟಿವಿ, ಬಾಕ್ಸ್, ಆಂಪ್ ಮೂರನ್ನೂ ಅರ್ತ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಡಿ. ಆಗಲೂ ಉಳಿದರೆ ಟಿವಿಯಿಂದ ಆಂಪ್‌ಗೆ ಆಪ್ಟಿಕಲ್ ಕೇಬಲ್ ಎಳೆಯಿರಿ. ಅದರಲ್ಲಿ ಹರಿಯುವುದು ಬರೀ ಬೆಳಕು, ಲೂಪ್ ಅಲ್ಲೇ ಕಡಿಯುತ್ತದೆ. ಆಂಪ್‌ನಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ಆರ್‌ಸಿಎ (ಕೆಂಪು-ಬಿಳಿ ಪಿನ್ನಿನ ಆಡಿಯೋ ವೈರ್) ನಡುವೆ ಹಾಕುವ, ಲೂಪ್ ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಸಾಕು.

ಅರ್ತ್ ಪಿನ್ ಮಾತ್ರ ದಯವಿಟ್ಟು ಕೀಳಬೇಡಿ. ಸದ್ದು ನಿಲ್ಲಬಹುದು, ಆದರೆ ಒಳಗೆ ಲೀಕೇಜ್ ಆದ ದಿನ ಆಂಪ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಕಂಡೀಷನರ್ ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತದೆ ಅಂತ ಅಂಗಡಿಯವರು ಹೇಳಿದರು ಅಂದಿರಿ. ಒಳ್ಳೆಯ ಆಂಪ್ ಒಳಗೇ ಎಸಿಯನ್ನು ಡಿಸಿ ಮಾಡಿ, ಶೋಧಿಸಿಕೊಳ್ಳುತ್ತದೆ. ಜಾಸ್ತಿ ವ್ಯತ್ಯಾಸ ನಿರೀಕ್ಷಿಸಬೇಡಿ.

ಸದ್ದು ಸ್ಪೀಕರಿನಿಂದಲ್ಲ, ಆಂಪ್‌ನ ಡಬ್ಬಿಯಿಂದಲೇ ಬರುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ಇರಬಹುದು. ಕೇಳದೆ ಖಚಿತವಾಗಿ ಹೇಳಲಾರೆ. ಹಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.