ಬಿಸಿಲಿಗೆ ಕಳಚುವ ಬೋರ್ಡು, ಅಂಟು ಹಿಡಿಯದ ಪ್ಲಾಸ್ಟಿಕ್: ಯಾವುದಕ್ಕೆ ಯಾವ ಅಂಟು?

ಪ್ರಶ್ನೆ: ಪೀಣ್ಯದಲ್ಲಿ ಅಂಗಡಿ ಬೋರ್ಡುಗಳನ್ನು ತಯಾರಿಸುವ ಸಣ್ಣ ಘಟಕ ನಮ್ಮದು. ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಕೂರಿಸುವ ಲೇಪ) ಮಾಡಿಸಿದ ಅಲ್ಯೂಮಿನಿಯಂ ಶೀಟಿನ ಮೇಲೆ ಒಂದು ಮೀಟರ್ ಉದ್ದ, 15 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪದ ಅಕ್ರಿಲಿಕ್ ಪಟ್ಟಿಗಳನ್ನು ಡಬಲ್ ಸೈಡ್ ಫೋಮ್ ಟೇಪಿನಿಂದ ಅಂಟಿಸುತ್ತೇವೆ. ಮಾರ್ಚ್, ಏಪ್ರಿಲ್ ಬಂತೆಂದರೆ ಅವು ಮೂಲೆಯಿಂದ ಎದ್ದು ಬಿದ್ದುಹೋಗುತ್ತವೆ. ಎಪಾಕ್ಸಿ ಹಾಕಿ ನೋಡಿದೆವು, ಅದೂ ಕೆಲವೇ ತಿಂಗಳಲ್ಲಿ ಬಿಟ್ಟುಕೊಂಡಿತು. ಇದಕ್ಕಿಂತ ಗಟ್ಟಿಯಾದ ಅಂಟು ಯಾವುದಿದೆ?

ಉತ್ತರ: ಹೊಸ ಅಂಟನ್ನು ಹುಡುಕುವ ಮೊದಲು, ಬಿದ್ದಿರುವ ಪಟ್ಟಿಯನ್ನು ತಿರುಗಿಸಿ ನೋಡಿ. ಫೋಮ್ ನಡುವೆಯೇ ಹರಿದು ಎರಡೂ ಕಡೆ ಉಳಿದಿದ್ದರೆ ಟೇಪಿನ ಶಕ್ತಿಯೋ ವಿಸ್ತೀರ್ಣವೋ ಸಾಲದಾಗಿದೆ ಎಂದರ್ಥ. ಟೇಪ್ ಇಡಿಯಾಗಿ ಅಕ್ರಿಲಿಕ್‌ನೊಂದಿಗೇ ಬಂದು, ಶೀಟಿನ ಮೇಲೆ ಗುರುತೂ ಉಳಿಯದಂತೆ ನುಣುಪಾಗಿದ್ದರೆ ಅಂಟು ಆ ಮೇಲ್ಮೈಯನ್ನು ಹಿಡಿದೇ ಇರಲಿಲ್ಲ. ಪೌಡರ್ ಕೋಟಿಂಗ್ ಮೇಲೆ ಸಾಮಾನ್ಯವಾಗಿ ಕಂಡುಬರುವುದು ಈ ಎರಡನೆಯದೇ; ಹೊಳಪಿಗಾಗಿ, ಗೀರು ಬೀಳದಿರಲೆಂದು ಪೌಡರಿಗೆ ಸೇರಿಸುವ ಮೇಣದಂಥ ಪದಾರ್ಥಗಳು ಮೇಲ್ಪದರಕ್ಕೆ ಬಂದು ಕುಳಿತಿರುತ್ತವೆ. ಒರೆಸಿದ ಶೀಟಿನ ಮೇಲೆ ಒಂದು ಹನಿ ನೀರು ಬಿಡಿ. ಅದು ಹರಡದೆ ಮಣಿಯಂತೆ ನಿಂತರೆ ಅಂಟೂ ಅಲ್ಲಿ ಹರಡುವುದಿಲ್ಲ.

ವಿಸ್ತೀರ್ಣದ ಲೆಕ್ಕವನ್ನೂ ಮಾಡಿಬಿಡೋಣ. ನಿಮ್ಮ ಪಟ್ಟಿಯ ತೂಕ ಸುಮಾರು 900 ಗ್ರಾಂ. ಸದಾ ತೂಗುವ ಭಾರಕ್ಕೆ, ಕಿಲೋಗೆ 55ರಿಂದ 60 ಚದರ ಸೆಂ.ಮೀ. ಅಕ್ರಿಲಿಕ್ ಫೋಮ್ ಟೇಪ್ ಬೇಕೆಂಬುದು ರೂಢಿಯ ಲೆಕ್ಕ. 12 ಮಿ.ಮೀ. ಅಗಲದ ಟೇಪಾದರೆ ಒಟ್ಟು 45 ಸೆಂ.ಮೀ. ಉದ್ದ ಸಾಕಾಗುತ್ತದೆ; ನೀವು ಸುತ್ತಲೂ ಹಾಕುತ್ತಿದ್ದರೆ ಎರಡು ಮೀಟರಿಗೂ ಹೆಚ್ಚು ಟೇಪ್ ಬಿದ್ದಿರುತ್ತದೆ. ಆದ್ದರಿಂದ ತೂಕ ನಿಮ್ಮ ಸಮಸ್ಯೆಯಲ್ಲ.

ನಿಜವಾದ ಸಮಸ್ಯೆ ಬಿಸಿಲಿನದು. ಅಕ್ರಿಲಿಕ್ ಅಲ್ಯೂಮಿನಿಯಂನ ಮೂರು ಪಟ್ಟು ಹಿಗ್ಗುತ್ತದೆ. ಜನವರಿಯ ಬೆಳಗಿನ ಜಾವ 15 ಡಿಗ್ರಿಯಲ್ಲಿದ್ದ ಬೋರ್ಡು ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ 55 ಡಿಗ್ರಿ ಮುಟ್ಟಿದರೆ, ಒಂದು ಮೀಟರ್ ಉದ್ದದಲ್ಲಿ ಎರಡಕ್ಕೂ ನಡುವೆ ಹೆಚ್ಚುಕಡಿಮೆ 2 ಮಿ.ಮೀ. ವ್ಯತ್ಯಾಸ ಬೀಳುತ್ತದೆ, ಅಂದರೆ ಪ್ರತಿ ತುದಿಯೂ ಸುಮಾರು 1 ಮಿ.ಮೀ. ಸರಿಯಲು ಎಳೆದಾಡುತ್ತದೆ. ಎಪಾಕ್ಸಿ ಕಲ್ಲಿನಂತೆ ಗಟ್ಟಿ, ಆದರೆ ಅದಕ್ಕೆ ಬಾಗಲು ಬಾರದು. ದಿನವೂ ಎಳೆದು ಬಿಡುವ ಈ ಚಲನೆಗೆ ಅದು ತುದಿಯಲ್ಲಿ ಬಿರುಕು ಬಿಡುತ್ತದೆ, ಮುಂದೆ ಮೂಲೆಯಿಂದ ಸುಲಿಯುತ್ತ ಬರುತ್ತದೆ. ಎಪಾಕ್ಸಿಯ ಜೋಡಣೆ ಎಷ್ಟೇ ಭಾರವನ್ನು ತಡೆದರೂ ಹೀಗೆ ಅಂಚಿನಿಂದ ಎಬ್ಬಿಸುವ ಬಲಕ್ಕೆ ದುರ್ಬಲ. ನೀವು ಗಟ್ಟಿತನವನ್ನು ಕೇಳಿದ್ದೀರಿ, ನಿಮಗೆ ಬೇಕಾಗಿರುವುದು ಹಿಗ್ಗಿ ಕುಗ್ಗುವ ಅಂಟು.

ಆದ್ದರಿಂದ ಟೇಪನ್ನು ಬಿಡಬೇಡಿ, ಅದರ ಜಾತಿಯನ್ನು ಬದಲಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಿಳಿ ಫೋಮ್ ಟೇಪಿನಲ್ಲಿ ಹೆಚ್ಚಾಗಿ ಇರುವುದು ರಬ್ಬರ್ ಜಾತಿಯ ಅಂಟು. ಅದು ಮುಟ್ಟಿದೊಡನೆ ಹಿಡಿಯುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ನಿಮಗೆ ಬೇಕಾದದ್ದು ಒಳಗಿನ ಫೋಮೂ ಅಕ್ರಿಲಿಕ್ಕೇ ಆಗಿರುವ ಟೇಪು. 3ಎಂ ಕಂಪನಿಯು 1980ರಲ್ಲಿ ವಿಎಚ್‌ಬಿ ಎಂಬ ಹೆಸರಿನಲ್ಲಿ ತಂದದ್ದು ಇದನ್ನೇ. ಈಗ ಬೇರೆ ಕಂಪನಿಗಳೂ ತಯಾರಿಸುತ್ತವೆ. ಇಂಥ ಟೇಪು ತನ್ನ ದಪ್ಪದ ಮೂರು ಪಟ್ಟಿನವರೆಗೆ ಅತ್ತಿತ್ತ ಸರಿಯುವುದನ್ನು ತಾಳಿಕೊಳ್ಳುವುದರಿಂದ 1.1 ಮಿ.ಮೀ. ದಪ್ಪದ್ದು ನಿಮಗೆ ಧಾರಾಳವಾಗಿ ಸಾಕು. ಪೌಡರ್ ಕೋಟಿಂಗಿಗೆಂದೇ ಹೊಂದಿಸಿದ ಮಾದರಿಯನ್ನು ಕೇಳಿ ಪಡೆಯಿರಿ. ನೀರಿನ ಹನಿ ಮಣಿಯಾಗಿಯೇ ನಿಲ್ಲುತ್ತಿದ್ದರೆ ಟೇಪ್ ತಯಾರಕರೇ ಸೂಚಿಸುವ ಪ್ರೈಮರನ್ನು (ಅಂಟು ಹಿಡಿಯಲು ನೆರವಾಗುವ ಮೊದಲ ಲೇಪ) ತೆಳುವಾಗಿ ಬಳಿದು, ಆರಿದ ಮೇಲೆ ಅಂಟಿಸಿ.

ಶೀಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರಿನ ಸಮಪಾಲಿನ ಮಿಶ್ರಣದಿಂದ ಒರೆಸಿ. ಥಿನ್ನರ್ ಬೇಡ. ಅಕ್ರಿಲಿಕ್ ಪಟ್ಟಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಲೇಸರಿನಲ್ಲಿ ಕತ್ತರಿಸಿದ ಅಂಚಿನಲ್ಲಿ ಒತ್ತಡ ಉಳಿದುಕೊಂಡಿರುತ್ತದೆ, ಅಲ್ಲಿಗೆ ಆಲ್ಕೋಹಾಲ್ ತಗುಲಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಆದ್ದರಿಂದ ಪಟ್ಟಿಯನ್ನು ಸೌಮ್ಯವಾದ ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸುವುದು ಲೇಸು. ಟೇಪಿನ ತುಂಡುಗಳನ್ನು ಅಡ್ಡಡ್ಡ ಹಾಕದೆ ಮೇಲಿನಿಂದ ಕೆಳಕ್ಕೆ ಹಾಕಿದರೆ ಮಳೆನೀರು ಹಿಂದೆ ನಿಲ್ಲದೆ ಇಳಿದುಹೋಗುತ್ತದೆ. ಅಂಟಿಸಿದ ಮೇಲೆ ಬೆರಳಿನಿಂದ ತಟ್ಟಿದರೆ ಸಾಲದು, ರೋಲರಿನಿಂದ ಭಾರ ಕೊಟ್ಟು ಉಜ್ಜಬೇಕು. ಸಾಮಾನ್ಯ ಉಷ್ಣಾಂಶದಲ್ಲಿ 20 ನಿಮಿಷಕ್ಕೆ ಅರ್ಧದಷ್ಟು, 24 ಗಂಟೆಗೆ ಶೇ. 90ರಷ್ಟು ಹಿಡಿತ ಬರುತ್ತದೆ. ಪೂರ್ತಿ ಬರಲು 72 ಗಂಟೆ ಬೇಕು. ಬೆಳಿಗ್ಗೆ ಅಂಟಿಸಿ ಸಂಜೆಗೇ ನಿಲ್ಲಿಸಿಬಿಡುವ ಅವಸರದಿಂದ ಒಳ್ಳೆಯ ಟೇಪೂ ಹಾಳಾಗುತ್ತದೆ. ಜನ ಓಡಾಡುವ ಕಡೆ ತಲೆಯ ಮೇಲೆ ನೇತಾಡುವ ಭಾರವಾದ ಭಾಗಗಳಿಗೆ ಮಾತ್ರ ಟೇಪೊಂದನ್ನೇ ನಂಬದೆ, ಸ್ಕ್ರೂಗಿಂತ ತುಸು ದೊಡ್ಡ ತೂತು ಕೊರೆದು ಎರಡು ಸ್ಕ್ರೂ ಕೂಡ ಹಾಕಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಪ್ಲೇಟಿಂಗ್ ಘಟಕ ನಡೆಸುತ್ತಿದ್ದೇನೆ. ಪಾಲಿಪ್ರೊಪಿಲೀನ್ ಆ್ಯಸಿಡ್ ತೊಟ್ಟಿಯೊಂದು ಸೀಳಿದೆ. ಎಪಾಕ್ಸಿ ಪುಟ್ಟಿ ಮೆತ್ತಿದರೆ ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಬೇರೆ ಯಾವ ಅಂಟು ಸೂಕ್ತ?

ಉತ್ತರ: ಯಾವುದೂ ಅಲ್ಲ. ಪಾಲಿಪ್ರೊಪಿಲೀನ್‌ನ ಮೇಲ್ಮೈ ಶಕ್ತಿ (ಅಂಟನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಗುಣದ ಅಳತೆ) ಮೀಟರಿಗೆ ಸುಮಾರು 30 ಮಿಲಿನ್ಯೂಟನ್ ಮಾತ್ರ. ಹೋಲಿಕೆಗೆ, ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನದು 42ರ ಆಸುಪಾಸಿನಲ್ಲಿದೆ. ಪಾಲಿಪ್ರೊಪಿಲೀನ್‌ನಷ್ಟು ಕಡಿಮೆ ಇರುವ ಪ್ಲಾಸ್ಟಿಕ್ಕನ್ನು ಸಾಧಾರಣ ಅಂಟುಗಳು ಹಿಡಿಯಲಾರವು. ಇದಕ್ಕೆಂದೇ ತಯಾರಾದ ಪ್ರೈಮರ್‌ಗಳೂ ಎರಡು ಭಾಗದ ಅಕ್ರಿಲಿಕ್ ಅಂಟುಗಳೂ ಇವೆ, ಚಿಕ್ಕಪುಟ್ಟ ಭಾಗಗಳಿಗೆ ಅವು ಆಗುತ್ತವೆ. ಆದರೆ ಆ್ಯಸಿಡ್ ತುಂಬಿ ನಿಲ್ಲುವ ತೊಟ್ಟಿಗೆ ಅವನ್ನು ನಾನು ಸೂಚಿಸುವುದಿಲ್ಲ. ತೊಟ್ಟಿಯನ್ನು ಖಾಲಿ ಮಾಡಿ, ಚೆನ್ನಾಗಿ ತೊಳೆದು ಒಣಗಿಸಿ, ಸೀಳು ಮುಂದುವರಿಯದಂತೆ ಅದರ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆಯಿಸಿ. ಸೀಳಿನ ಉದ್ದಕ್ಕೂ ‘ವಿ’ ಆಕಾರದ ತೋಡು ತೆಗೆದು, ಮೇಲಿನ ಹಳೆಯ ಪದರವನ್ನು ಕೆರೆಯಿಸಿ, ಬಿಸಿಗಾಳಿಯ ಗನ್ನಿನಿಂದ ಪಾಲಿಪ್ರೊಪಿಲೀನ್ ರಾಡ್ ಕರಗಿಸಿ ವೆಲ್ಡಿಂಗ್ ಮಾಡಿಸಿ. ಪಾಲಿಥೀನ್ ರಾಡ್ ಇದಕ್ಕೆ ಬೆಸೆಯುವುದಿಲ್ಲ, ಆದ್ದರಿಂದ ರಾಡ್ ಯಾವುದೆಂದು ವೆಲ್ಡರ್‌ರನ್ನು ಮೊದಲೇ ಕೇಳಿ.

ಪ್ರಶ್ನೆ: ಮೈಸೂರಿನಲ್ಲಿ ಕಂಟ್ರೋಲ್ ಪ್ಯಾನೆಲ್ ಜೋಡಿಸುತ್ತೇವೆ. ವೈರುಗಳು ಅಲುಗದಿರಲೆಂದು ಸಿಲಿಕೋನ್ ಹಾಕಿದ ಕಡೆ ತಾಮ್ರ ಹಸಿರಾಗುತ್ತಿದೆ. ಕಾರಣವೇನು?

ಉತ್ತರ: ಹಾಕುವಾಗ ವಿನೆಗರ್ ವಾಸನೆ ಬಂದಿದ್ದರೆ ಅದೇ ಕಾರಣ. ಕಿಟಕಿ, ಬಾತ್‌ರೂಮುಗಳಿಗೆ ಬಳಸುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಮುಚ್ಚಿದ ಪ್ಯಾನೆಲ್ಲಿನಲ್ಲಿ ಆ ಆವಿ ಹೊರಹೋಗದೆ ತಾಮ್ರವನ್ನು ತಿನ್ನುತ್ತದೆ. ಎಲೆಕ್ಟ್ರಾನಿಕ್ಸ್ ದರ್ಜೆಯ ನ್ಯೂಟ್ರಲ್ (ಆಮ್ಲ ಬಿಡದ) ಸಿಲಿಕೋನನ್ನು, ಅದರಲ್ಲೂ ಆಲ್ಕಾಕ್ಸಿ ಜಾತಿಯದ್ದನ್ನು ಬಳಸಿ, ಗಾಳಿಯ ತೇವದಿಂದ ಅದು ಪೂರ್ತಿ ಗಟ್ಟಿಯಾಗುವವರೆಗೆ ಬಾಗಿಲು ತೆರೆದಿಡಿ. ಹಳೆಯದರ ಪೊರೆ ಉಳಿದ ಜಾಗದಲ್ಲಿ ಸಿಲಿಕೋನ್ ಬಿಟ್ಟು ಬೇರೆ ಅಂಟು ಹಿಡಿಯುವುದು ಕಷ್ಟವಾದ್ದರಿಂದ ಅದನ್ನು ಮೊದಲು ಬ್ಲೇಡಿನಿಂದ ಕೆರೆದು ತೆಗೆಯಿರಿ; ಹಸಿರಾದ ಲಗ್ಗುಗಳನ್ನು (ವೈರಿನ ತುದಿಯ ಲೋಹದ ಕೊಂಡಿ) ಉಜ್ಜಿ ಉಳಿಸಿಕೊಳ್ಳಲು ಹೋಗದೆ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ (ಒತ್ತಿ ಕೂರಿಸಿ).