ಸುಬೇದಾರರನ್ನು ಸುಬೇದಾರರೆಂದೇ ಏಕೆ ಬರೆಯುತ್ತೇವೆ

ಮಾನ್ಯ ಓದುಗರೇ,

ಹಾಸನದಿಂದ ತಾವು ಬರೆದ ಪತ್ರ ತಲುಪಿದೆ. ಸೇನೆಯ ಎಂಜಿನಿಯರ್ ಪಡೆಗಳಲ್ಲಿ ಒಂದಾದ ಮದ್ರಾಸ್ ಸ್ಯಾಪರ್ಸ್ ದಳವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ‘ಸ್ಯಾಪರ್’, ‘ನಾಯಕ್’, ‘ಹವಾಲ್ದಾರ್’, ‘ಸುಬೇದಾರ್’ ಎಂಬ ಪದಗಳು ಹೆಜ್ಜೆಹೆಜ್ಜೆಗೂ ಬಂದದ್ದು ತಮಗೆ ಹಿಡಿಸಿಲ್ಲ. ‘ಯೋಧ’, ‘ದಳಪತಿ’, ‘ದಂಡನಾಯಕ’ ಎಂಬ ನಮ್ಮವೇ ಪದಗಳಿರುವಾಗ ಪರಭಾಷೆಯ ಮೊರೆ ಏಕೆ ಎಂದು ಕೇಳಿದ್ದೀರಿ. ಇಪ್ಪತ್ತೈದು ವರ್ಷ ಸೇವೆ ಮಾಡಿದ ಸುಬೇದಾರರು ಆಗತಾನೆ ತರಬೇತಿ ಮುಗಿಸಿ ಬಂದ ಲೆಫ್ಟಿನೆಂಟ್ ಒಬ್ಬರಿಗೆ ಸೆಲ್ಯೂಟ್ ಮಾಡುವ ಪ್ರಸಂಗವನ್ನು ಓದಿ, ಇಬ್ಬರಲ್ಲಿ ದೊಡ್ಡವರು ಯಾರೆಂದು ತಿಳಿಯಲಿಲ್ಲವೆಂದೂ, ಅಡುಗೆಯವರನ್ನೂ ಗುಮಾಸ್ತರನ್ನೂ ಸೈನಿಕರೆಂದು ಕರೆದದ್ದು ಅತಿಯಾಯಿತೆಂದೂ ಬರೆದಿದ್ದೀರಿ.

ಸುಬೇದಾರರ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಪದಗಳ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಅಲ್ಲಿಯೇ ಇದೆ. ಲೆಫ್ಟಿನೆಂಟ್ ಅವರ ಹೆಗಲ ಮೇಲೆ ಎರಡು ನಕ್ಷತ್ರಗಳಿರುತ್ತವೆ. ಸುಬೇದಾರರ ಹೆಗಲ ಮೇಲೂ ಎರಡೇ ನಕ್ಷತ್ರಗಳು, ಆದರೆ ಅವುಗಳ ಜೊತೆಗೆ ಬಣ್ಣದ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಅರ್ಥ ತಿಳಿಯಬೇಕಾದರೆ ಕಂಪನಿ ಸರ್ಕಾರದ ಕಾಲಕ್ಕೆ ಹೋಗಬೇಕಾಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಇಲ್ಲಿನವರನ್ನೇ ಸೇರಿಸಿಕೊಂಡು ಪಡೆ ಕಟ್ಟಿದಾಗ, ಅವರ ಹುದ್ದೆಗಳಿಗೆ ಬೇಕಾದ ಹೆಸರುಗಳನ್ನು ಇಲ್ಲಿನ ದರ್ಬಾರುಗಳಿಂದಲೇ ಎತ್ತಿಕೊಂಡಿತು. ಮೊಗಲರ ಆಡಳಿತದಲ್ಲಿ ಸುಬಾ ಎಂದರೆ ಒಂದು ಇಡೀ ಪ್ರಾಂತ, ಸುಬೇದಾರನೆಂದರೆ ಅದರ ಅಧಿಪತಿ. ನಮ್ಮ ಶಿರಾ ಪಟ್ಟಣವೂ ಅಂಥದೊಂದು ಆಡಳಿತದ ಕೇಂದ್ರವಾಗಿತ್ತು. ವಿಜಯನಗರದ ಕಾಲದ ನಾಯಕನಂತೂ ಸೀಮೆಯನ್ನು ಆಳುತ್ತಿದ್ದವನು, ತನ್ನದೇ ಪಡೆ ಇಟ್ಟುಕೊಂಡಿದ್ದವನು. ಕಂಪನಿಯ ಕೈಗೆ ಬಂದ ಮೇಲೆ ಸುಬೇದಾರನು ನೂರು ಚಿಲ್ಲರೆ ಸಿಪಾಯಿಗಳ ಮೇಲ್ವಿಚಾರಕನಾದನು, ನಾಯಕನು ತೋಳಿನ ಮೇಲೆ ಎರಡು ಪಟ್ಟಿ ಧರಿಸುವ ಕೆಳದರ್ಜೆಯವನಾದನು. ಆಳುವವರ ಬಿರುದುಗಳು ಆಳಿಸಿಕೊಳ್ಳುವವರ ಕೆಲಸದ ಹೆಸರುಗಳಾದದ್ದು ಹೀಗೆ. ಈ ಏಣಿಯ ತುದಿ ಮುಟ್ಟಿದ ಮೇಲೆ ಇಂಗ್ಲಿಷ್ ಹೆಸರುಗಳ ಇನ್ನೊಂದು ಏಣಿ ಆರಂಭವಾಗುತ್ತಿತ್ತು, ಮತ್ತು ಅದು ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. ತಲೆ ನರೆತ ಸುಬೇದಾರ ಮೇಜರ್ ಕೂಡ ಮೀಸೆ ಮೂಡದ ಇಂಗ್ಲಿಷ್ ಹುಡುಗನ ಅಧೀನದಲ್ಲಿಯೇ ಇರಬೇಕಾಗಿತ್ತು.

ಆ ಬೇಲಿಯಲ್ಲಿ ಕಂಡಿ ಬಿದ್ದದ್ದು ಬಹಳ ತಡವಾಗಿ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾಗಿ ನೇಮಕಗೊಂಡ ತಂಡದಲ್ಲಿದ್ದರು. ಡೆಹ್ರಾಡೂನಿನಲ್ಲಿ ಸೇನಾ ಅಕಾಡೆಮಿ ಆರಂಭವಾದದ್ದು 1932ರಲ್ಲಿ. ವೈಸ್‌ರಾಯ್ ಕಮಿಷನ್ (ಅಧಿಕಾರ ಕೊಡುವ ನೇಮಕಪತ್ರ) ಪಡೆದವರೆಂದು ಕರೆಸಿಕೊಳ್ಳುತ್ತಿದ್ದ ಸುಬೇದಾರರ ವರ್ಗ ಸ್ವಾತಂತ್ರ್ಯದ ನಂತರ ಜೂನಿಯರ್ ಕಮಿಷನ್ಡ್ ಆಫೀಸರ್ ವರ್ಗವಾಯಿತು, ಹೆಗಲ ಮೇಲಿನ ಆ ಬಣ್ಣದ ಪಟ್ಟಿ ಈ ವರ್ಗದ ಗುರುತು. ಅದರ ಮೊದಲ ಮೆಟ್ಟಿಲಾದ ಜಮಾದಾರ್ ಹುದ್ದೆಗೆ 1965ರಲ್ಲಿ ನಾಯಬ್ ಸುಬೇದಾರ್ ಎಂಬ ಹೆಸರು ಬಂದಿತು. ಆದರೆ ಸಿಪಾಯಿಯಿಂದ ಸುಬೇದಾರ್ ಮೇಜರ್ ತನಕ ದೇಶದ ಹೆಸರುಗಳು, ಲೆಫ್ಟಿನೆಂಟ್‌ನಿಂದ ಜನರಲ್ ತನಕ ಇಂಗ್ಲಿಷ್ ಹೆಸರುಗಳು ಎಂಬ ಗೆರೆ ಹಾಗೆಯೇ ಉಳಿದುಕೊಂಡಿತು. ಈಗ ಅದರ ಹಿಂದೆ ಜನಾಂಗದ ಭೇದವಿಲ್ಲ. ಯಾವ ಬಾಗಿಲಿನಿಂದ ಸೇನೆಗೆ ಬಂದರು ಎಂಬ ಭೇದವಷ್ಟೇ ಇದೆ. ಸಿಪಾಯಿಯಾಗಿ ಸೇರಿದವರೂ ಪರೀಕ್ಷೆ, ಆಯ್ಕೆಗಳನ್ನು ದಾಟಿ ಅಧಿಕಾರಿಗಳಾಗಲು ಅವಕಾಶವಿದೆ.

ಆದ್ದರಿಂದ ತಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಆಜ್ಞೆಯ ಕ್ರಮದಲ್ಲಿ ಲೆಫ್ಟಿನೆಂಟ್ ಮೇಲಿನವರು. ಸುಬೇದಾರರು ಸೆಲ್ಯೂಟ್ ಮಾಡುವುದು ಲೆಫ್ಟಿನೆಂಟ್ ಹೊಂದಿರುವ ಕಮಿಷನ್ನಿಗೆ. ಹಾಗೆಂದು ಸುಬೇದಾರರು ಹೊತ್ತಿರುವ ಭಾರ ಚಿಕ್ಕದೆಂದು ತಿಳಿಯಬಾರದು. ಮೂವತ್ತಕ್ಕೂ ಹೆಚ್ಚು ಮಂದಿಯ ಪ್ಲಟೂನನ್ನು ಸಾಮಾನ್ಯವಾಗಿ ನಡೆಸುವವರು ಈ ವರ್ಗದವರೇ, ಮತ್ತು ಹೊಸ ಲೆಫ್ಟಿನೆಂಟ್ ಕೆಲಸ ಕಲಿಯುವುದು ಬಹುಪಾಲು ಅವರ ಪಕ್ಕದಲ್ಲಿ ನಿಂತುಕೊಂಡೇ. ಆ ಅಧಿಕಾರಿಯೂ ಅವರನ್ನು ‘ಸುಬೇದಾರ್ ಸಾಬ್’ ಎಂದೇ ಕರೆಯುತ್ತಾರೆ, ಬರಿಯ ಹೆಸರು ಹಿಡಿದು ಕರೆಯುವುದಿಲ್ಲ.

ಇಂಥ ಪದದ ಜಾಗದಲ್ಲಿ ‘ದಳಪತಿ’ ಎಂದು ಬರೆದರೆ ಓದುಗರಿಗೆ ಏನು ತಿಳಿದಂತಾಗುತ್ತದೆ? ಸುಬೇದಾರರನ್ನು ದಳಪತಿ ಎಂದರೆ ಅವರ ಮೇಲೆ, ಹಲವು ಪ್ಲಟೂನುಗಳು ಸೇರಿದ ‘ಕಂಪನಿ’ ಎಂಬ ತುಕಡಿಯನ್ನು ನಡೆಸುವ ಮೇಜರ್ ಅವರನ್ನು ಏನೆನ್ನಬೇಕು, ಅವರ ಮೇಲಿನ ಕರ್ನಲ್ ಅವರನ್ನು ಏನೆನ್ನಬೇಕು? ಪತಿ, ಅಧಿಪತಿ, ಮಹಾಧಿಪತಿ ಎಂದು ಪೋಣಿಸುತ್ತ ಹೋಗಬಹುದು. ಆದರೆ ಆ ಹೆಸರುಗಳಿಂದ ಸ್ವತಃ ಆ ಮನುಷ್ಯರೇ ತಮ್ಮನ್ನು ಗುರುತಿಸಿಕೊಳ್ಳಲಾರರು. ‘ದಂಡನಾಯಕ’ ಪದ ನಮಗೂ ಪ್ರಿಯವಾದದ್ದೇ. ವಿಷ್ಣುವರ್ಧನನ ಗಂಗರಾಜನನ್ನು ಕುರಿತು ಬರೆಯುವಾಗ ಬೇರೆ ಪದ ಬಳಸಿದರೆ ತಪ್ಪಾಗುತ್ತದೆ. ಮೈಸೂರಿನ ಅರಸರ ಸೇನೆಯ ವಿಷಯ ಬಂದಾಗ ‘ದಳವಾಯಿ’ ಎಂದೇ ಬರೆಯುತ್ತೇವೆ, ಕುದುರೆ ಏರಿದವರನ್ನು ‘ರಾವುತ’ರೆನ್ನುತ್ತೇವೆ. ತಮ್ಮ ಜಿಲ್ಲೆಯ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ಗುಡಿಯ ಬಳಿಯಿರುವ ಕಂಬದ ಶಾಸನವನ್ನು ತಾವು ನೋಡಿರಬಹುದು. ಇಮ್ಮಡಿ ಬಲ್ಲಾಳ ಮಡಿದಾಗ ತಾನೂ ಪ್ರಾಣಬಿಟ್ಟ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಅಂಥವರಿಗೆ ‘ಗರುಡ’ರೆಂದು ಹೆಸರು. ಅವರ ಪ್ರತಿಜ್ಞೆ ಒಬ್ಬ ಒಡೆಯನಿಗೆ ಸೇರಿದ್ದು. ಇಂದಿನ ಸೈನಿಕರು ಪ್ರಮಾಣ ಮಾಡುವುದು ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು. ಹಳೆಯ ಪದವನ್ನು ತಂದು ಇಂದಿನ ಹುದ್ದೆಗೆ ತೊಡಿಸಿದರೆ ಎರಡು ಕಾಲಗಳಿಗೂ ಅನ್ಯಾಯವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನು ‘ಸ್ಯಾಪರ್’. ಇದು ಸಿಪಾಯಿಗಿಂತ ಮೇಲಿನ ಹುದ್ದೆಯಲ್ಲ, ಕೆಳಗಿನದೂ ಅಲ್ಲ. ಒಂದೇ ಮೆಟ್ಟಿಲಿನಲ್ಲಿ ನಿಂತವರನ್ನು ಅವರವರ ದಳದ ಕೆಲಸಕ್ಕೆ ತಕ್ಕಂತೆ ಬೇರೆಬೇರೆಯಾಗಿ ಕರೆಯುವುದು ಸೇನೆಯ ಪದ್ಧತಿ: ಕಾಲಾಳು ಪಡೆಯಲ್ಲಿ ಸಿಪಾಯಿ, ಕೆಲವು ರೆಜಿಮೆಂಟುಗಳಲ್ಲಿ ರೈಫಲ್‌ಮನ್, ಫಿರಂಗಿ ದಳದಲ್ಲಿ ಗನ್ನರ್, ಸಂಪರ್ಕ ದಳದಲ್ಲಿ ಸಿಗ್ನಲ್‌ಮನ್, ಎಂಜಿನಿಯರ್ ದಳದಲ್ಲಿ ಸ್ಯಾಪರ್. ಸೇತುವೆ ಹಾಕುವುದು, ದಾರಿ ಮಾಡುವುದು, ನೆಲದಲ್ಲಿ ಹುಗಿದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವುದು, ಬೇಕಾದಾಗ ತಾವೇ ಹುಗಿಯುವುದು ಸ್ಯಾಪರ್‌ಗಳ ಕೆಲಸ. 1780ರಷ್ಟು ಹಿಂದಿನಿಂದ ತನ್ನ ಚರಿತ್ರೆಯನ್ನು ಎಣಿಸಿಕೊಳ್ಳುವ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲಿದೆ. ದಕ್ಷಿಣದ ರಾಜ್ಯಗಳಿಂದ ಬಂದ ಇದರ ಸೈನಿಕರು ಸೇನೆಯಲ್ಲೆಲ್ಲ ‘ತಂಬಿ’ಗಳೆಂದೇ ಹೆಸರುವಾಸಿ. ಇವರನ್ನೆಲ್ಲ ‘ಯೋಧರು’ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಗೌರವ ತೋರಿದಂತೆ ಕಾಣುತ್ತದೆ, ಆದರೆ ಅವರು ಮಾಡಿದ ಕೆಲಸ ಓದುಗರ ಕಣ್ಣಿಗೆ ಬೀಳುವುದೇ ಇಲ್ಲ.

ಟ್ಯಾಂಕು ದಳದಲ್ಲಿ ಕುದುರೆಗಳು ಹೋಗಿ ಎಷ್ಟೋ ಕಾಲವಾಗಿದ್ದರೂ ಹೆಸರುಗಳು ಮಾತ್ರ ಕುದುರೆಯಿಂದ ಇಳಿದಿಲ್ಲ. ಅಲ್ಲಿ ಸಿಪಾಯಿ ‘ಸವಾರ್’ ಆಗುತ್ತಾರೆ, ಹವಾಲ್ದಾರ್ ‘ದಫೇದಾರ್’ ಆಗುತ್ತಾರೆ, ಸುಬೇದಾರ್ ‘ರಿಸಾಲ್ದಾರ್’ ಆಗುತ್ತಾರೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳ (ಈಟಿ ಹಿಡಿದ ಕುದುರೆ ಸವಾರರ) ಕಾಲಕ್ಕೆ ಈ ಹೆಸರುಗಳು ಅಕ್ಷರಶಃ ನಿಜವಾಗಿದ್ದವು. ಈ ಪದಗಳು ನಮಗೆ ಪರಕೀಯವೆಂಬ ಮಾತನ್ನೂ ಒಪ್ಪುವುದು ಕಷ್ಟ. ಜಿಲ್ಲಾಧಿಕಾರಿಗಳ ಕಚೇರಿಗೆ ಹೋದವರಿಗೆ ದಫೇದಾರ ಹೊಸಬನಲ್ಲ. ಅದೇ ಕಾರಣಕ್ಕೆ ಒಂದು ಪದವನ್ನು ನಾವು ಸೈನಿಕರಿಗೆ ಬಳಸುವುದಿಲ್ಲ: ಹಿಂದಿಯಲ್ಲಿ ‘ಜವಾನ್’ ಎಂದರೆ ಸೈನಿಕ, ನಮ್ಮ ಕಚೇರಿಗಳಲ್ಲಿ ಜವಾನನೆಂದರೆ ಕಡತ ಹೊತ್ತು ತರುವವನು. ‘ಗಡಿಯಲ್ಲಿ ಜವಾನ’ ಎಂಬ ಶೀರ್ಷಿಕೆ ಕನ್ನಡದ ಓದುಗರನ್ನು ಒಂದು ಕ್ಷಣವಾದರೂ ಗಲಿಬಿಲಿಗೊಳಿಸದೆ ಇರದು.

ಅಡುಗೆಯವರ ಮತ್ತು ಗುಮಾಸ್ತರ ವಿಷಯದಲ್ಲಿ ತಮ್ಮ ಆಕ್ಷೇಪವನ್ನು ಒಪ್ಪಲಾರೆವು. ಸೇನೆಗೆ ಭರ್ತಿಯಾಗುವವರಲ್ಲಿ ಸಾಮಾನ್ಯ ಕರ್ತವ್ಯದವರು, ತಾಂತ್ರಿಕರು, ಗುಮಾಸ್ತರು, ಶುಶ್ರೂಷಾ ಸಹಾಯಕರು, ಕಸುಬುದಾರರು ಎಂಬ ವಿಂಗಡಣೆಯಿದೆ. ಅಡುಗೆಯವರು, ಕ್ಷೌರಿಕರು, ಅಗಸರು, ದರ್ಜಿಗಳು ಕಸುಬುದಾರರ ಪಾಲಿಗೆ ಬರುತ್ತಾರೆ. ಅವರೂ ಮೈದಾನದಲ್ಲಿ ಕವಾಯತು ಮಾಡಿ, ಬಂದೂಕು ಕಲಿತು, ಪ್ರಮಾಣವಚನ ತೆಗೆದುಕೊಂಡು, ಅದೇ ಸಮವಸ್ತ್ರ ತೊಡುತ್ತಾರೆ. ‘ಅಡುಗೆಯವರು’ ಎಂಬುದು ಅವರ ಕಸುಬು, ‘ನಾಯಕ್’ ಎಂಬುದು ಅವರ ಶ್ರೇಣಿ. ಎರಡೂ ಒಟ್ಟಿಗೆ ಇರಬಲ್ಲವು. 2022ರಿಂದ ನಾಲ್ಕು ವರ್ಷದ ಅವಧಿಗೆ ಸೇರುತ್ತಿರುವ ಅಗ್ನಿವೀರರಲ್ಲಿಯೂ ಇದೇ ಬಗೆಯ ವಿಂಗಡಣೆಯಿದೆ. ಅವರ ಶ್ರೇಣಿ ಮಾತ್ರ ಪ್ರತ್ಯೇಕವಾದದ್ದಾದ್ದರಿಂದ ಅವರನ್ನು ಸಿಪಾಯಿಗಳೆಂದು ನಾವು ಬರೆಯುವುದಿಲ್ಲ.

ಕಸುಬಿನಂತೆಯೇ ಹೊಣೆಯೂ ಶ್ರೇಣಿಗಿಂತ ಬೇರೆ. ಕಮಾಂಡಿಂಗ್ ಆಫೀಸರ್ ಎಂಬುದು ಹೊಣೆ, ಕರ್ನಲ್ ಎಂಬುದು ಶ್ರೇಣಿ. ಕಂಪನಿ ಹವಾಲ್ದಾರ್ ಮೇಜರ್ ಎಂಬುದು ಶ್ರೇಣಿಯಂತೆ ಕೇಳಿಸಿದರೂ ಹವಾಲ್ದಾರರೊಬ್ಬರಿಗೆ ವಹಿಸಿದ ಹೊಣೆಯೇ. ಕಾರ್ಯಪ್ಪನವರು 1949ರ ಜನವರಿ 15ರಂದು ವಹಿಸಿಕೊಂಡದ್ದು ಸೇನೆಯ ಮುಖ್ಯಸ್ಥರ, ಅಂದರೆ ಕಮಾಂಡರ್-ಇನ್-ಚೀಫ್ ಅವರ ಹೊಣೆಯನ್ನು. 1953ರಲ್ಲಿ ನಿವೃತ್ತರಾದಾಗ ಅದನ್ನು ಬಿಟ್ಟುಕೊಟ್ಟರು. ಫೀಲ್ಡ್ ಮಾರ್ಷಲ್ ಶ್ರೇಣಿ ಅವರಿಗೆ ಬಂದದ್ದು 1986ರಲ್ಲಿ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮಾನರು, ಭೂಸೇನೆಯ ಕ್ಯಾಪ್ಟನ್‌ಗೆ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ, ಏಕೆಂದರೆ ಕಾರವಾರದ ನೆಲೆಯಿಂದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಎದ್ದೇ ಏಳುತ್ತದೆ.

ಪತ್ರದ ಅಡಿಯಲ್ಲಿ ತಾವು ಬರೆದಿರುವಂತೆ, ತಮ್ಮ ಭಾವನವರು ಸುಬೇದಾರರಾಗಿ ನಿವೃತ್ತರಾಗಿದ್ದಾರೆ, ಮಗಳ ಮದುವೆಯ ಆಮಂತ್ರಣದಲ್ಲಿ ಅವರ ಹೆಸರನ್ನು ಹೇಗೆ ಅಚ್ಚು ಹಾಕಿಸಬೇಕೆಂದು ಕೇಳಿದ್ದೀರಿ. ನಿವೃತ್ತಿಯಾಗುವುದು ಮನುಷ್ಯರಿಗೆ, ಶ್ರೇಣಿಗೆ ಅಲ್ಲ ಎಂಬುದು ಸೇನೆಯ ಸಂಪ್ರದಾಯ. ಆದ್ದರಿಂದ ‘ನಿವೃತ್ತ ಸುಬೇದಾರ್’ ಎಂದು ಆರಂಭಿಸದೆ, ‘ಸುಬೇದಾರ್’ ಎಂದು ಮೊದಲು ಹಾಕಿಸಿ, ನಂತರ ಅವರ ಹೆಸರು, ಅದರ ಮುಂದೆ ಕಂಸದಲ್ಲಿ ‘ನಿವೃತ್ತ’ ಎಂದು ಹಾಕಿಸಿರಿ. ‘ಮಾಜಿ ಸೈನಿಕ’ ಎಂಬುದು ಸೌಲಭ್ಯಗಳ ಅರ್ಜಿಗಳಲ್ಲಿ ಬಳಕೆಯಾಗುವ ವರ್ಗದ ಹೆಸರು. ಆಮಂತ್ರಣ ಪತ್ರಿಕೆಯಲ್ಲಿ ಅದರ ಅಗತ್ಯವಿಲ್ಲ.

ಸಂಪಾದಕ