ಬೆಂಜಿಯ ಭಾಗ ಓದುವ ಬಗೆ

ಅಮೆರಿಕದ ಲೇಖಕ ಫಾಕ್ನರ್‌ನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ (1929) ಕಾದಂಬರಿಯ ಮೊದಲ ಭಾಗದಲ್ಲೇ ಯಾವ ಕಾಲ ಅಂತ ತಿಳಿಯುತ್ತಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಈ ಭಾಗವನ್ನು ಹೇಳುವವನು ಬೆಂಜಿ, ಬುದ್ಧಿ ಬೆಳೆಯದ, ಮಾತು ಬಾರದ ವ್ಯಕ್ತಿ. ಅವನನ್ನು ನೋಡಿಕೊಳ್ಳುತ್ತಿರುವ ಹುಡುಗ ಯಾರು ಅಂತ ಗಮನಿಸಿ: ವರ್ಶ್ ಇದ್ದರೆ ಬಾಲ್ಯ, ಟಿ.ಪಿ. ಇದ್ದರೆ ಅದರ ನಂತರದ ವರ್ಷಗಳು, ಲಸ್ಟರ್ ಇದ್ದರೆ 1928. ಓರೆ ಅಕ್ಷರ ಬಂದಲ್ಲಿ ಸಾಮಾನ್ಯವಾಗಿ ಕಾಲ ಜಿಗಿದಿರುತ್ತದೆ. ಕ್ವೆಂಟಿನ್ ಹೆಸರಿನವರು ಇಬ್ಬರು, ಎಲ್ಲರೂ ಎಡವುವುದು ಇಲ್ಲೇ: ಒಬ್ಬ ಬೆಂಜಿಯ ಅಕ್ಕ ಕ್ಯಾಡಿಯ ಅಣ್ಣ, ಇನ್ನೊಬ್ಬಳು ಕ್ಯಾಡಿಯ ಮಗಳು.

ಮೊದಲ ಪುಟವನ್ನು ಮತ್ತೊಮ್ಮೆ ಓದಿ. ಗಾಲ್ಫ್ ಆಡುವವರು ಕೋಲು ಹೊರುವ ಹುಡುಗನನ್ನು ‘ಕ್ಯಾಡಿ’ ಎಂದು ಕೂಗುತ್ತಾರೆ, ಬೆಂಜಿ ನರಳುತ್ತಾನೆ. ಅವನಿಗೆ ಕೇಳಿದ್ದು ಅಕ್ಕನ ಹೆಸರು. ಆ ಮೈದಾನ ಒಂದು ಕಾಲಕ್ಕೆ ಅವನದೇ ಹುಲ್ಲುಗಾವಲು. ಅಣ್ಣ ಕ್ವೆಂಟಿನ್‌ನನ್ನು ಹಾರ್ವರ್ಡ್‌ಗೆ ಕಳಿಸಲು ಮನೆಯವರು ಮಾರಿದ್ದು. ಮಿಸಿಸಿಪಿಯ ಜಮೀನ್ದಾರಿ ಮನೆತನವೊಂದರ ಕುಸಿತ ಆ ಬೇಲಿಯಾಚೆಗೇ ಕಾಣುತ್ತದೆ. 1946ರಲ್ಲಿ ಪ್ರಕಟವಾದ ಅನುಬಂಧವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.